ಚೆನ್ನೈ ರಸ್ತೆಯಲ್ಲಿ ಅಪಘಾತವಾದರೆ: ಮೊದಲು ದೇಹ, ಜೊತೆಯಲ್ಲೇ ದಾಖಲೆ

ಬೆಂಗಳೂರಿನಿಂದ ಚೆನ್ನೈಗೆ ಸುಮಾರು 350 ಕಿಲೋಮೀಟರ್. ಹೊಸೂರು, ಕೃಷ್ಣಗಿರಿ, ಆಂಬೂರು, ವೆಲ್ಲೂರು, ಕಾಂಚೀಪುರ ದಾಟಿ ಶ್ರೀಪೆರಂಬದೂರು ಮುಟ್ಟುವ ಹೊತ್ತಿಗೆ ಕಾರು ಓಡಿಸುವವರ ಕಣ್ಣು ಭಾರವಾಗಿರುತ್ತದೆ. ಅಲ್ಲಿಂದಾಚೆಗೆ ಕಾರ್ಖಾನೆಗಳ ಕಂಟೇನರ್ ಲಾರಿ, ಸಿಬ್ಬಂದಿ ಬಸ್ಸು, ಎಡಬಲ ನೋಡದೆ ನುಗ್ಗುವ ಬೈಕುಗಳ ದಟ್ಟಣೆ ಶುರುವಾಗುತ್ತದೆ. ಚಿಕಿತ್ಸೆಗೆಂದು, ಮದುವೆಗೆಂದು, ಓಎಂಆರ್‌ನ ಐಟಿ ಕಂಪನಿಯ ಕೆಲಸಕ್ಕೆಂದು ಈ ದಾರಿಯಲ್ಲಿ ಓಡಾಡುವ ಕನ್ನಡಿಗರು ಬಹಳ. ಕೇಂದ್ರ ಸಾರಿಗೆ ಸಚಿವಾಲಯದ ವರದಿಯಂತೆ 2022ರಲ್ಲಿ ತಮಿಳುನಾಡಿನಲ್ಲಿ ಆದ ರಸ್ತೆ ಅಪಘಾತಗಳು 64,105. ದೇಶದ ಬೇರಾವ ರಾಜ್ಯದಲ್ಲೂ ಅಷ್ಟು ಆಗಲಿಲ್ಲ. ಆ ವರ್ಷ ಅಲ್ಲಿ ಸತ್ತವರು 17,884 ಜನ.

ಊರು ನಮ್ಮದಲ್ಲ, ಬೋರ್ಡು ಓದಲು ಬರುವುದಿಲ್ಲ, ಗಾಡಿಯ ಮೇಲೆ ಕೆಎ ನಂಬರು. ಅಪಘಾತವಾದಾಗ ಗಾಯದಷ್ಟೇ ಈ ಪರಕೀಯತೆಯೂ ಜನರನ್ನು ಕಂಗೆಡಿಸುತ್ತದೆ. ಹೇಗಾದರೂ ಇಲ್ಲಿಂದ ಹೊರಟುಬಿಟ್ಟರೆ ಸಾಕು, ಊರಿಗೆ ಹೋಗಿ ತೋರಿಸಿಕೊಂಡರಾಯಿತು ಎನ್ನಿಸುತ್ತದೆ. ಆ ಅವಸರವೇ ಆಮೇಲೆ ಆರೋಗ್ಯಕ್ಕೂ ಪರಿಹಾರಕ್ಕೂ ಕುತ್ತಾಗುತ್ತದೆ. ಈ ಲೇಖನದಲ್ಲಿ ನಾನು ಒತ್ತಿ ಹೇಳಬೇಕೆಂದಿರುವುದು ಇಷ್ಟು: ಅಪಘಾತದ ನಂತರ ದೇಹಕ್ಕೆ ಬೇಕಾದದ್ದು ಯಾವುದೋ ಕಾನೂನಿಗೂ ಬೇಕಾದದ್ದು ಅದೇ. ಬೇಗ ಆಸ್ಪತ್ರೆಗೆ ಹೋಗಿ, ಇರುವ ನೋವನ್ನೆಲ್ಲ ಹೇಳಿ, ಹೇಳಿದ್ದನ್ನು ಬರೆಸಿಕೊಂಡು ಬರುವುದು.

ಮೊದಲ ಗಂಟೆ

ಆಂಬುಲೆನ್ಸ್‌ಗೆ 108. ಕರ್ನಾಟಕದಲ್ಲಿರುವಂತೆ ತಮಿಳುನಾಡಿನಲ್ಲೂ ಅದೇ ಸಂಖ್ಯೆ. ಪೊಲೀಸರೂ ಬೇಕಿದ್ದರೆ 112, ರಾಷ್ಟ್ರೀಯ ಹೆದ್ದಾರಿಯಲ್ಲಿದ್ದರೆ 1033. ಭಾಷೆಯ ತೊಡಕಾದರೆ ಫೋನನ್ನು ಪಕ್ಕದ ಅಂಗಡಿಯವರ ಕೈಗೆ ಕೊಡಿ, ಜಾಗ ಅವರೇ ಸರಿಯಾಗಿ ಹೇಳುತ್ತಾರೆ. ಹೆದ್ದಾರಿಯಾದರೆ ರಸ್ತೆಬದಿಯ ಕಿಲೋಮೀಟರ್ ಕಲ್ಲಿನ ಸಂಖ್ಯೆ ಹೇಳಿದರೆ ಸಾಕು.

ಸಹಾಯಕ್ಕೆ ಬಂದವರು ಹಿಂಜರಿಯುತ್ತಿದ್ದರೆ ಧೈರ್ಯ ಹೇಳಿ. 2016ರ ಸುಪ್ರೀಂ ಕೋರ್ಟ್ ಆದೇಶ ಮತ್ತು ಮೋಟಾರು ವಾಹನ ಕಾಯ್ದೆಯ 134ಎ ಕಲಂ ಅವರನ್ನು ರಕ್ಷಿಸುತ್ತವೆ. ಗಾಯಾಳುವನ್ನು ಆಸ್ಪತ್ರೆಗೆ ಸೇರಿಸಿದವರು ಹೆಸರು ಹೇಳಬೇಕಿಲ್ಲ, ಸಾಕ್ಷಿಯಾಗಲೇಬೇಕೆಂಬ ಕಟ್ಟುಪಾಡಿಲ್ಲ, ಆಸ್ಪತ್ರೆ ಅವರಿಂದ ಹಣ ಕೇಳುವಂತಿಲ್ಲ. ಇಂಥ ರಕ್ಷಣೆಗೆ ಪ್ರತ್ಯೇಕ ಕಾನೂನನ್ನೇ ಮೊದಲು ಮಾಡಿದ್ದು ನಮ್ಮ ಕರ್ನಾಟಕ.

ಆಂಬುಲೆನ್ಸ್ ಬರುವವರೆಗೆ ಮಾಡಬೇಕಾದದ್ದು ಕಡಿಮೆ, ಮಾಡಬಾರದ್ದೇ ಹೆಚ್ಚು. ಸುರಿಯುವ ರಕ್ತವನ್ನು ಶುಭ್ರ ಬಟ್ಟೆಯಿಂದ ಗಟ್ಟಿಯಾಗಿ ಒತ್ತಿ ಹಿಡಿಯಿರಿ, ನಿಂತಿತೇ ಎಂದು ಪದೇ ಪದೇ ಎತ್ತಿ ನೋಡಬೇಡಿ. ಬೆಂಕಿಯ ಭಯವಿಲ್ಲದಿದ್ದರೆ ಕಾರಿನಲ್ಲಿ ಸಿಲುಕಿದವರನ್ನು ರಟ್ಟೆ ಹಿಡಿದು ಎಳೆಯಬೇಡಿ. ಕುತ್ತಿಗೆಯ ಮೂಳೆಗೆ ಪೆಟ್ಟಾಗಿದ್ದರೆ ಆ ಎಳೆತದಲ್ಲೇ ಕೈಕಾಲು ಬಿದ್ದುಹೋಗಬಹುದು. ಪ್ರೀತಿಯಿಂದಲೇ ಜನ ನೀರು ಕುಡಿಸಲು ಬರುತ್ತಾರೆ. ಬೇಡವೆನ್ನಿ. ಅರೆಪ್ರಜ್ಞೆಯಲ್ಲಿರುವವರ ಶ್ವಾಸಕೋಶಕ್ಕೆ ಅದು ಇಳಿಯಬಹುದು, ತುರ್ತು ಶಸ್ತ್ರಚಿಕಿತ್ಸೆಗೂ ಹೊಟ್ಟೆ ಖಾಲಿಯಿರುವುದು ಒಳ್ಳೆಯದು.

ಯಾವ ಆಸ್ಪತ್ರೆ ಎಂಬ ಚರ್ಚೆಯಲ್ಲಿ ಅಮೂಲ್ಯವಾದ ಸಮಯ ಹೋಗುತ್ತದೆ. ಹೆಸರು ಕೇಳಿದ ದೊಡ್ಡ ಖಾಸಗಿ ಆಸ್ಪತ್ರೆಗೇ ಹೋಗಬೇಕೆಂದು ಹಟ ಹಿಡಿದು ಊರ ಆ ತುದಿಯವರೆಗೆ ಸಾಗಿಸುವುದು ತಪ್ಪು. ಆ ಕ್ಷಣದಲ್ಲಿ ಸಿಟಿ ಸ್ಕ್ಯಾನ್ ಮತ್ತು ಶಸ್ತ್ರಚಿಕಿತ್ಸಕರು ಇರುವ ಹತ್ತಿರದ ಆಸ್ಪತ್ರೆಯೇ ಒಳ್ಳೆಯ ಆಸ್ಪತ್ರೆ. ಸೆಂಟ್ರಲ್ ನಿಲ್ದಾಣದ ಎದುರಿನ ರಾಜೀವ್ ಗಾಂಧಿ ಸರ್ಕಾರಿ ಜನರಲ್ ಆಸ್ಪತ್ರೆ, ಸ್ಟಾನ್ಲಿ, ಕಿಲ್ಪಾಕ್, ರಾಯಪೇಟ್ಟೆ, ದಕ್ಷಿಣದ ಜಿಎಸ್‌ಟಿ ರಸ್ತೆಯ ಕಡೆಗೆ ಚೆಂಗಲ್ಪಟ್ಟು ವೈದ್ಯಕೀಯ ಕಾಲೇಜು ಆಸ್ಪತ್ರೆ, ಇವೆಲ್ಲ ಅಪಘಾತದ ಗಾಯಾಳುಗಳನ್ನು ದಿನವೂ ನೋಡಿ ಪಳಗಿದ ಜಾಗಗಳು. ಸರ್ಕಾರಿ ಆಸ್ಪತ್ರೆಯೆಂದು ಮೂಗು ಮುರಿಯಬೇಡಿ. ಆಂಬುಲೆನ್ಸ್ ಸಿಬ್ಬಂದಿ ಹೇಳಿದಲ್ಲಿಗೆ ಹೋಗಿ.

ಹಣವಿಲ್ಲ, ಪೊಲೀಸ್ ಕಾಗದ ಬಂದಿಲ್ಲ ಎಂದು ಚಿಕಿತ್ಸೆ ತಡೆಹಿಡಿಯುವ ಹಕ್ಕು ಯಾವ ವೈದ್ಯರಿಗೂ ಇಲ್ಲ. ಸರ್ಕಾರಿ ಇರಲಿ ಖಾಸಗಿ ಇರಲಿ, ಜೀವ ಉಳಿಸುವುದು ಮೊದಲು, ಕಾಗದಪತ್ರ ಆಮೇಲೆ ಎಂದು ಸುಪ್ರೀಂ ಕೋರ್ಟ್ 1989ರಲ್ಲೇ ಹೇಳಿದೆ.

ಹಣದ ಭಯಕ್ಕೆ ಎರಡು ಉತ್ತರ

ತಮಿಳುನಾಡು ಸರ್ಕಾರ 2021ರ ಡಿಸೆಂಬರ್ 18ರಂದು ಮೇಲ್ಮರುವತ್ತೂರಿನಲ್ಲಿ ‘ಇನ್ನುಯಿರ್ ಕಾಪ್ಪೋಂ – ನಮ್ಮೈ ಕಾಕ್ಕುಂ 48’ ಎಂಬ ಯೋಜನೆ ಆರಂಭಿಸಿತು. ರಾಜ್ಯದ ಗಡಿಯೊಳಗೆ ಅಪಘಾತವಾದರೆ ಮೊದಲ 48 ಗಂಟೆಗಳ ಚಿಕಿತ್ಸೆಯ ವೆಚ್ಚ ಸರ್ಕಾರದ್ದು. 1 ಲಕ್ಷ ರೂಪಾಯಿ ಮಿತಿಯೊಂದಿಗೆ, ಸರ್ಕಾರಿ ಮತ್ತು ಖಾಸಗಿ ಸೇರಿ ಆರುನೂರಕ್ಕೂ ಹೆಚ್ಚು ಆಸ್ಪತ್ರೆಗಳಲ್ಲಿ ಇದು ಶುರುವಾಯಿತು. ನಮಗೆ ಮುಖ್ಯವಾದ ಮಾತೆಂದರೆ, ಗಾಯಾಳು ತಮಿಳುನಾಡಿನವರೇ ಆಗಿರಬೇಕಿಲ್ಲ. ಬೇರೆ ರಾಜ್ಯದವರಿಗೂ ವಿದೇಶದವರಿಗೂ ಅನ್ವಯಿಸುತ್ತದೆ, ಆದಾಯದ ಮಿತಿಯೂ ಇಲ್ಲ. ಬೆಂಗಳೂರು, ಬಳ್ಳಾರಿ, ಉಡುಪಿಯಿಂದ ಹೋದವರು ‘ನಾವು ಹೊರಗಿನವರು, ನಮಗೆಲ್ಲಿ’ ಎಂದುಕೊಂಡು ಕೇಳುವುದನ್ನೇ ಬಿಡಬಾರದು. ನಮ್ಮಲ್ಲೂ 2016ರಲ್ಲಿ ಇದೇ ಬಗೆಯ ಯೋಜನೆ ಬಂದಿತ್ತು. ನೆಲಮಂಗಲದ ಬಳಿ ಲಾರಿ ಹರಿದು ಸಾಯುವ ಹೊತ್ತಿನಲ್ಲೂ ತನ್ನ ಅಂಗಗಳನ್ನು ದಾನ ಮಾಡಿ ಎಂದ ಯುವಕ ಹರೀಶ್ ಹೆಸರಿನ ‘ಸಾಂತ್ವನ’ ಯೋಜನೆ ಅದು. ಅಲ್ಲೂ ಊರು ಕೇರಿ ಕೇಳದೆ ಮೊದಲ 48 ಗಂಟೆಗೆ 25,000 ರೂಪಾಯಿವರೆಗೆ ಚಿಕಿತ್ಸೆ ಎಂಬ ಏರ್ಪಾಟಿತ್ತು.

ಎರಡನೆಯದು ಕೇಂದ್ರದ್ದು. 2025ರ ಮೇ 5ರಂದು ಅಧಿಸೂಚನೆ ಹೊರಬಿದ್ದ ನಗದುರಹಿತ ಚಿಕಿತ್ಸಾ ಯೋಜನೆಯಲ್ಲಿ, ನಿಗದಿತ ಆಸ್ಪತ್ರೆಗಳಲ್ಲಿ ಅಪಘಾತದ ದಿನದಿಂದ 7 ದಿನಗಳವರೆಗೆ, ಒಬ್ಬರಿಗೆ 1.5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ ಸಿಗುತ್ತದೆ. ಈ ಯೋಜನೆಯ ಹಿಂದೆಯೂ ತಮಿಳುನಾಡಿನ ಒಬ್ಬ ವೈದ್ಯರಿದ್ದಾರೆ. ಕೊಯಮತ್ತೂರಿನ ಮೂಳೆ ತಜ್ಞ ಡಾ. ಎಸ್. ರಾಜಶೇಖರನ್ 2012ರಲ್ಲಿ ರಸ್ತೆ ಸುರಕ್ಷತೆಗಾಗಿ ಸುಪ್ರೀಂ ಕೋರ್ಟಿಗೆ ಹೋದರು. ಅದೇ ಪ್ರಕರಣದಲ್ಲಿ 2025ರ ಜನವರಿಯಲ್ಲಿ ಕೋರ್ಟು, ಕಾನೂನಿನಲ್ಲಿ ಬರೆದಿಟ್ಟ ಚಿಕಿತ್ಸೆಯನ್ನು ಜಾರಿಗೆ ತನ್ನಿ ಎಂದು ಕೇಂದ್ರಕ್ಕೆ ಗಡುವು ಕೊಟ್ಟಿತು. ಒಂದು ಎಚ್ಚರಿಕೆ: ಇದು ಅಪಘಾತವೇ ಹೌದೆಂದು ಪೊಲೀಸರು ಪೋರ್ಟಲ್‌ನಲ್ಲಿ ದೃಢಪಡಿಸಬೇಕು. ಆದ್ದರಿಂದ ಆಸ್ಪತ್ರೆಯಲ್ಲಿ ಜೊತೆಗಿರುವವರು ಇಬ್ಬರಾಗಿದ್ದರೆ ಒಬ್ಬರು ಗಾಯಾಳುವಿನ ಪಕ್ಕದಲ್ಲಿರಲಿ, ಇನ್ನೊಬ್ಬರು ಠಾಣೆಯ ಬೆನ್ನು ಹತ್ತಲಿ.

ಎಆರ್ ಕಾಪಿ

ತಮಿಳುನಾಡಿನ ಆಸ್ಪತ್ರೆಗಳಲ್ಲಿ ಅಪಘಾತದ ಗಾಯಾಳು ಬಂದ ಕೂಡಲೇ ಕರ್ತವ್ಯದಲ್ಲಿರುವ ವೈದ್ಯರು ಆಕ್ಸಿಡೆಂಟ್ ರಿಜಿಸ್ಟರಿನಲ್ಲಿ ಬರೆಯುತ್ತಾರೆ. ಠಾಣೆಯಲ್ಲಿ, ಕೋರ್ಟಿನಲ್ಲಿ, ವಿಮಾ ಕಚೇರಿಯಲ್ಲಿ ಎಲ್ಲರೂ ಕೇಳುವ ‘ಎಆರ್ ಕಾಪಿ’ ಇದೇ. ನಮ್ಮಲ್ಲಿ ಎಂಎಲ್‌ಸಿ ಎನ್ನುವ ದಾಖಲೆಯ ಜಾಗದಲ್ಲಿ ಅಲ್ಲಿ ಇದು ನಿಲ್ಲುತ್ತದೆ. ಎಷ್ಟು ಗಂಟೆಗೆ, ಎಲ್ಲಿ, ಹೇಗೆ ಪೆಟ್ಟಾಯಿತು ಎಂದು ಗಾಯಾಳು ಅಥವಾ ಕರೆತಂದವರು ಹೇಳಿದ್ದು ಅದರಲ್ಲಿ ಎರಡು ಸಾಲಿನಲ್ಲಿ ಇರುತ್ತದೆ. ಆ ಎರಡು ಸಾಲಿಗೆ ಇರುವ ತೂಕ ಆಮೇಲೆ ಬರೆಯುವ ಇಪ್ಪತ್ತು ಪುಟಕ್ಕೂ ಇರುವುದಿಲ್ಲ.

ಕಾರು ಗುದ್ದಿ ಬಿದ್ದವರನ್ನು ಗಾಬರಿಯಲ್ಲಿ ಯಾರೋ ತಂದು ‘ಬೈಕಿನಿಂದ ಬಿದ್ದರು’ ಎಂದಷ್ಟೇ ಹೇಳಿರುತ್ತಾರೆ, ವೈದ್ಯರು ಹಾಗೆಯೇ ಬರೆದಿರುತ್ತಾರೆ. ತಿಂಗಳುಗಳ ನಂತರ ವಿಮಾ ಕಂಪನಿಯ ವಕೀಲರು ಅದನ್ನೇ ಹಿಡಿದು, ತಾವಾಗಿ ಬಿದ್ದಿದ್ದಾರೆ, ಬೇರೆ ವಾಹನ ಇರಲೇ ಇಲ್ಲ ಎಂದು ವಾದಿಸುತ್ತಾರೆ. ಆದ್ದರಿಂದ ಪ್ರಜ್ಞೆಯಿದ್ದರೆ ನೀವೇ ಹೇಳಿ, ಇಲ್ಲದಿದ್ದರೆ ಜೊತೆಯವರಿಂದ ಹೇಳಿಸಿ: ಗುದ್ದಿದ ವಾಹನ ಯಾವುದು, ಅದರ ನಂಬರು, ನೀವು ಓಡಿಸುತ್ತಿದ್ದಿರೋ ಪಕ್ಕದಲ್ಲಿ ಕುಳಿತಿದ್ದಿರೋ, ಜಾಗ, ಹೊತ್ತು. ತಪ್ಪಾಗಿ ಬರೆದಿದ್ದರೆ ಆಗಲೇ ಸರಿಪಡಿಸಲು ಕೇಳಿ.

ಎದ್ದು ಕಾಣುವ ಗಾಯವನ್ನು ಮಾತ್ರ ತೋರಿಸಿ ಸುಮ್ಮನಾಗಬೇಡಿ. ಕಾಲು ಮುರಿದವರು ಆ ನೋವಿನಲ್ಲಿ ಭುಜದ ನೋವು, ಕಿವಿಯ ಗುಂಯ್ ಶಬ್ದ, ಹಲ್ಲು ಅಲ್ಲಾಡುವುದನ್ನು ಹೇಳುವುದೇ ಇಲ್ಲ. ಹೇಳದಿದ್ದರೆ ಚಿಕಿತ್ಸೆಯೂ ಇಲ್ಲ, ದಾಖಲೆಯೂ ಇಲ್ಲ. ಮೊದಲೇ ಇದ್ದ ಬೆನ್ನುನೋವು, ಸಕ್ಕರೆ ಕಾಯಿಲೆ, ರಕ್ತ ತೆಳುವಾಗಿಸುವ ಮಾತ್ರೆ, ಇವನ್ನೂ ಮುಚ್ಚಿಡಬೇಡಿ. ಪರಿಹಾರ ಕಡಿಮೆಯಾದೀತೆಂದು ಮುಚ್ಚಿಟ್ಟರೆ ಜೀವಕ್ಕೇ ಅಪಾಯ.

ಪೆಟ್ಟು ತಡವಾಗಿ ಮಾತಾಡುತ್ತದೆ

ಅಪಘಾತದ ಆಘಾತದಲ್ಲಿ ದೇಹ ನೋವನ್ನು ಸ್ವಲ್ಪ ಹೊತ್ತು ತೋರಗೊಡುವುದಿಲ್ಲ. ‘ನನಗೇನೂ ಆಗಿಲ್ಲ’ ಎಂದು ಎದ್ದು ನಿಂತವರ ಮಾತನ್ನು ಪೂರ್ತಿ ನಂಬಬೇಡಿ. ತಲೆಗೆ ಪೆಟ್ಟಾದವರು ಕೆಲ ಗಂಟೆ ಚೆನ್ನಾಗಿ ಮಾತಾಡಿಕೊಂಡಿದ್ದು, ಬುರುಡೆಯೊಳಗೆ ರಕ್ತ ಕಟ್ಟಿ ಹಠಾತ್ತನೆ ಕುಸಿಯುವುದುಂಟು. ಹೆಚ್ಚುತ್ತಲೇ ಹೋಗುವ ತಲೆನೋವು, ಮತ್ತೆ ಮತ್ತೆ ವಾಂತಿ, ಎಬ್ಬಿಸಿದರೂ ಏಳದ ಮಂಪರು, ತೊದಲು, ಫಿಟ್ಸ್, ಕೈಕಾಲಿನಲ್ಲಿ ಬಲ ಇಲ್ಲದಿರುವುದು, ಎರಡು ಕಣ್ಣಿನ ಪಾಪೆ ಬೇರೆ ಬೇರೆ ಗಾತ್ರ, ಕಿವಿ ಅಥವಾ ಮೂಗಿನಿಂದ ನೀರಿನಂಥ ದ್ರವ: ಇವುಗಳಲ್ಲಿ ಒಂದು ಕಂಡರೂ ರಾತ್ರಿ ಎರಡು ಗಂಟೆಯಾದರೂ ಸರಿ, ಹೊರಡಿ. ವಯಸ್ಸಾದವರಲ್ಲಿ, ರಕ್ತ ತೆಳುವಾಗಿಸುವ ಮಾತ್ರೆ ತೆಗೆದುಕೊಳ್ಳುವವರಲ್ಲಿ ಈ ರಕ್ತಸ್ರಾವ ನಿಧಾನವಾಗಿ ನಡೆದು ವಾರಗಳ ನಂತರ ಮರೆವು, ತೂರಾಡುವ ನಡಿಗೆಯಾಗಿ ಕಾಣಿಸಿಕೊಳ್ಳಬಹುದು. ‘ವಯಸ್ಸಾಯಿತಲ್ಲ’ ಎಂದು ಮನೆಯವರು ಅದನ್ನು ಬಿಟ್ಟುಬಿಡುವುದನ್ನು ನೆನೆದರೆ ಸಂಕಟವಾಗುತ್ತದೆ.

ಹೊಟ್ಟೆಯ ಮೇಲೆ ಸೀಟ್ ಬೆಲ್ಟಿನ ಗುರುತು ಕೆಂಪಗೆ ಮೂಡಿದ್ದರೆ ಒಳಗೆ ಕರುಳು ಅಥವಾ ಗುಲ್ಮಕ್ಕೆ ಪೆಟ್ಟಾಗಿರಬಹುದು. ಹೊಟ್ಟೆ ಬಿಗಿಯುವುದು, ಎಡ ಭುಜಕ್ಕೆ ನೋವು ಹರಿಯುವುದು, ತಲೆ ಸುತ್ತಿ ಬೆವರುವುದು ಅದರ ಲಕ್ಷಣ. ಬೆಲ್ಟ್ ಹಾಕಿದ್ದರಿಂದ ಹೀಗಾಯಿತೆಂದು ತಿಳಿಯಬೇಡಿ, ಅದಿಲ್ಲದಿದ್ದರೆ ಜೀವವೇ ಉಳಿಯುತ್ತಿರಲಿಲ್ಲವೇನೋ. ಹಿಂದಿನಿಂದ ಗುದ್ದಿಸಿಕೊಂಡವರಿಗೆ ಕುತ್ತಿಗೆಯ ಬಿಗಿತ ಸಾಮಾನ್ಯವಾಗಿ ಮರುದಿನ ಬೆಳಿಗ್ಗೆ ಶುರುವಾಗುತ್ತದೆ. ಪ್ಲಾಸ್ಟರ್ ಹಾಕಿದ ಕಾಲಿನಲ್ಲಿ ತಾಳಲಾರದ ನೋವು, ಬೆರಳು ಜೋಮು, ಬಣ್ಣ ಬದಲಾದರೆ ಮುಂದಿನ ಭೇಟಿಯ ದಿನಕ್ಕೆ ಕಾಯುವಂತಿಲ್ಲ.

ಮನಸ್ಸಿನ ಪೆಟ್ಟಿಗೆ ಸ್ಕ್ಯಾನ್ ಇಲ್ಲ. ಬ್ರೇಕಿನ ಸದ್ದಿಗೆ ಬೆಚ್ಚುವುದು, ನಿದ್ದೆಯಲ್ಲಿ ಮತ್ತೆ ಮತ್ತೆ ಅದೇ ದೃಶ್ಯ, ಕಾರು ಹತ್ತಲು ಕೈ ನಡುಗುವುದು ತಿಂಗಳಾದರೂ ಹೋಗದಿದ್ದರೆ ಅದಕ್ಕೂ ಚಿಕಿತ್ಸೆಯುಂಟು. 2022ರ ಅಕ್ಟೋಬರ್ 10ರಂದು ಆರಂಭವಾದ ಟೆಲಿ ಮಾನಸ್‌ಗೆ 14416ರಲ್ಲಿ ಕರೆ ಮಾಡಿದರೆ ಕನ್ನಡದಲ್ಲೇ ಮಾತಾಡಬಹುದು. ನಮ್ಮ ನಿಮ್ಹಾನ್ಸ್ ಅದರ ಕೇಂದ್ರ ಸಂಸ್ಥೆ.

ಠಾಣೆಯಲ್ಲಿ

ಚೆನ್ನೈನಲ್ಲಿ ಅಪಘಾತ ಪ್ರಕರಣಗಳನ್ನು ನೋಡುವುದು ಸಂಚಾರ ತನಿಖಾ ವಿಭಾಗ. 2022ರಿಂದ ನಗರದ ಸುತ್ತ ತಾಂಬರಂ, ಆವಡಿ ಎಂಬ ಬೇರೆ ಕಮಿಷನರೇಟುಗಳೂ ಇವೆ. ಇದು ನಮ್ಮ ವ್ಯಾಪ್ತಿಯಲ್ಲ ಎಂಬ ಮಾತು ಕೇಳಿಬಂದರೆ ನೆನಪಿಡಿ, 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 173ನೇ ಕಲಂ ಪ್ರಕಾರ ಅಪರಾಧ ಎಲ್ಲೇ ನಡೆದಿರಲಿ ಯಾವ ಠಾಣೆಯಲ್ಲಾದರೂ ಮಾಹಿತಿ ಕೊಡಬಹುದು. ಬಾಯಲ್ಲಿ ಹೇಳಿದ್ದನ್ನು ಬರೆದುಕೊಂಡು ಓದಿ ಹೇಳಬೇಕು, ಎಫ್‌ಐಆರ್ ಪ್ರತಿಯನ್ನು ಉಚಿತವಾಗಿ ಕೊಡಬೇಕು.

ಅಲ್ಲಿನ ಎಫ್‌ಐಆರ್ ಸಾಮಾನ್ಯವಾಗಿ ತಮಿಳಿನಲ್ಲಿರುತ್ತದೆ. ಓದಲು ಬಾರದ ಕಾಗದಕ್ಕೆ ಸಹಿ ಹಾಕಬೇಡಿ. ತಮಿಳು ಬಲ್ಲ ಗೆಳೆಯರೊಬ್ಬರನ್ನು ಕರೆಸಿ ಓದಿಸಿ. ಯಾರೂ ಸಿಗದಿದ್ದರೆ ನಡೆದದ್ದನ್ನು ಇಂಗ್ಲಿಷಿನಲ್ಲಿ ನೀವೇ ಬರೆದು ಕೊಟ್ಟು ಸ್ವೀಕೃತಿ ಪಡೆಯಿರಿ. ಎಷ್ಟೋ ಕನ್ನಡ ಕುಟುಂಬಗಳು ತಲೆಮಾರುಗಳಿಂದ ಚೆನ್ನೈನಲ್ಲಿವೆ. ಪರಿಚಿತರ ಪರಿಚಿತರನ್ನು ಹುಡುಕಿ ಫೋನ್ ಮಾಡಲು ಸಂಕೋಚ ಪಡುವ ಹೊತ್ತು ಇದಲ್ಲ.

ಗಾಡಿ ನಿಮ್ಮದೇ ಆಗಿ, ನಿಮ್ಮಿಂದಲೇ ಪೆಟ್ಟಾಗಿದ್ದರೆ ಓಡಿಹೋಗಬೇಡಿ. ಗಾಯಾಳುವಿಗೆ ಚಿಕಿತ್ಸೆ ಕೊಡಿಸುವುದು, 24 ಗಂಟೆಯೊಳಗೆ ಠಾಣೆಗೆ ತಿಳಿಸುವುದು ಚಾಲಕನ ಕಾನೂನುಬದ್ಧ ಕರ್ತವ್ಯ. ಗುಂಪು ಹೊಡೆಯಲು ಬರುವ ಸಂದರ್ಭಕ್ಕೆ ಕಾನೂನೇ ವಿನಾಯಿತಿ ಕೊಟ್ಟಿದೆ. ಆಗ ನೇರ ಹತ್ತಿರದ ಠಾಣೆಗೆ ಹೋಗಿ.

ಎರಡೂ ವಾಹನಗಳನ್ನು ಸರಿಸುವ ಮೊದಲೇ ಫೋಟೊ ತೆಗೆದುಕೊಳ್ಳಿ: ನಂಬರ್ ಪ್ಲೇಟು, ಬ್ರೇಕಿನ ಗೆರೆ, ಸಿಗ್ನಲ್ಲು, ಗುಂಡಿ. ಅಂಗಡಿಗಳ ಸಿಸಿಟಿವಿ ದೃಶ್ಯ ಕೆಲವು ದಿನಗಳಲ್ಲಿ ಅಳಿಸಿಹೋಗುವುದರಿಂದ, ಅದನ್ನು ವಶಪಡಿಸಿಕೊಳ್ಳಿ ಎಂದು ಪೊಲೀಸರಿಗೆ ಲಿಖಿತ ಮನವಿ ಕೊಡಿ. ಮೋಟಾರು ವಾಹನ ನಿರೀಕ್ಷಕರ ತಪಾಸಣೆ, ವಿಮಾ ಸರ್ವೆ ಎರಡೂ ಮುಗಿಯದೆ ಗ್ಯಾರೇಜಿನವರಿಗೆ ಕೈ ಹಾಕಲು ಬಿಡಬೇಡಿ.

2022ರ ಏಪ್ರಿಲ್‌ನಿಂದ ಜಾರಿಯಲ್ಲಿರುವ ಕೇಂದ್ರ ನಿಯಮಗಳಂತೆ ತನಿಖಾಧಿಕಾರಿ 48 ಗಂಟೆಯಲ್ಲಿ ಮೊದಲ ಅಪಘಾತ ವರದಿಯನ್ನು, 90 ದಿನಗಳಲ್ಲಿ ವಿವರ ವರದಿಯನ್ನು ಪರಿಹಾರದ ಅರ್ಜಿ ವಿಚಾರಿಸುವ ಕ್ಲೇಮ್ಸ್ ಟ್ರಿಬ್ಯೂನಲ್‌ಗೆ ಕೊಡಬೇಕು. ಸಂತ್ರಸ್ತರ ಹಕ್ಕುಗಳೇನು ಎಂಬ ಒಂದು ನಮೂನೆಯನ್ನು 10 ದಿನಗಳೊಳಗೆ ನಿಮ್ಮ ಕೈಗೆ ಕೊಡಬೇಕು. ಕೇಳಿದವರಿಗಷ್ಟೇ ಸಿಗುವ ಕಾಗದ ಇದು. ಕೇಳಿ.

ಪರಿಹಾರ ಎಲ್ಲಿ, ಹೇಗೆ

ಹೆಚ್ಚಿನವರಿಗೆ ಗೊತ್ತಿಲ್ಲದ ಸಂಗತಿಯೆಂದರೆ, ಚೆನ್ನೈನಲ್ಲಿ ಅಪಘಾತವಾದರೆ ಅರ್ಜಿಯನ್ನು ಚೆನ್ನೈನಲ್ಲೇ ಹಾಕಬೇಕೆಂದಿಲ್ಲ. ಮೋಟಾರು ವಾಹನ ಕಾಯ್ದೆಯ 166ನೇ ಕಲಂ ಪ್ರಕಾರ ಅಪಘಾತ ನಡೆದ ಜಾಗ, ನೀವು ವಾಸಿಸುವ ಅಥವಾ ವ್ಯವಹಾರ ಮಾಡುವ ಜಾಗ, ಎದುರುದಾರರು ಇರುವ ಜಾಗ, ಈ ಮೂರರಲ್ಲಿ ಯಾವುದಾದರೂ ಆಗಬಹುದು. ಚೆನ್ನೈನಲ್ಲಾದರೆ ಹೈಕೋರ್ಟ್ ಆವರಣದ ಸ್ಮಾಲ್ ಕಾಸಸ್ ಕೋರ್ಟು. ಮೈಸೂರಿನವರು ಮೈಸೂರಿನಲ್ಲೇ ಹಾಕಬಹುದು. ಮುರಿದ ಕಾಲಿನಲ್ಲಿ ವಾಯಿದೆಗೆಂದು ಚೆನ್ನೈಗೆ ಅಲೆಯುವ ಗೋಳು ತಪ್ಪುತ್ತದೆ. ಆದರೆ ತಮಿಳಿನ ದಾಖಲೆಗಳಿಗೆ ಅನುವಾದ ಬೇಕಾಗುತ್ತದೆ, ಅಲ್ಲಿನ ವೈದ್ಯರ ಸಾಕ್ಷ್ಯ ದೂರವಾಗುತ್ತದೆ. ಆದ್ದರಿಂದ ಊರಿಗೆ ಹೊರಡುವ ಮುನ್ನವೇ ಎಫ್‌ಐಆರ್, ಎಆರ್ ಕಾಪಿ, ಡಿಸ್ಚಾರ್ಜ್ ಸಮ್ಮರಿ, ಸ್ಕ್ಯಾನ್ ಫಿಲ್ಮ್, ಬಿಲ್ಲುಗಳನ್ನು ಕೈಗೆ ತೆಗೆದುಕೊಳ್ಳಿ. ಆರೋಗ್ಯ ವಿಮೆಗೆ ಮೂಲ ಬಿಲ್ಲು ಕೊಡುವುದಾದರೆ ದೃಢೀಕೃತ ಪ್ರತಿ ಇಟ್ಟುಕೊಂಡೇ ಕೊಡಿ.

ಗಡುವು 6 ತಿಂಗಳು. ಅದು 2022ರ ಏಪ್ರಿಲ್ 1ರಿಂದ ಮರಳಿ ಬಂದ ಮಿತಿ. ಅದನ್ನು ಪ್ರಶ್ನಿಸಿದ ಅರ್ಜಿಗಳು ಸುಪ್ರೀಂ ಕೋರ್ಟಿಗೆ ಹೋಗಿವೆ ನಿಜ, ಆದರೆ ಅದನ್ನು ನಂಬಿ ಕೂರಬೇಡಿ.

ಯಾರದು ತಪ್ಪು ಎಂದು ಸಾಧಿಸುವ ಗೋಜಿಲ್ಲದೆ 164ನೇ ಕಲಂ ಅಡಿ ಸಾವಿಗೆ 5 ಲಕ್ಷ, ತೀವ್ರ ಗಾಯಕ್ಕೆ 2.5 ಲಕ್ಷ ರೂಪಾಯಿ ಪಡೆಯಬಹುದು. ಗುದ್ದಿದ ವಾಹನ ಪತ್ತೆಯೇ ಆಗದಿದ್ದರೆ ಹಿಟ್ ಆ್ಯಂಡ್ ರನ್ ಯೋಜನೆಯಲ್ಲಿ ಸಾವಿಗೆ 2 ಲಕ್ಷ, ತೀವ್ರ ಗಾಯಕ್ಕೆ 50,000. ಅದರ ಅರ್ಜಿ ಕಂದಾಯ ಅಧಿಕಾರಿಗಳ ಮೂಲಕ ಸಾಗುತ್ತದೆ. ದುಡಿಮೆಗೇ ಪೆಟ್ಟು ಬಿದ್ದಿದ್ದರೆ 166ರ ಅಡಿಯ ಅರ್ಜಿಯೇ ಸರಿಯಾದ ದಾರಿ. ಅಲ್ಲಿ ಮೇಲ್ಮಿತಿಯಿಲ್ಲ. ವಯಸ್ಸಿಗೆ ತಕ್ಕ ಗುಣಕವನ್ನು 2009ರ ಸರಳಾ ವರ್ಮಾ ತೀರ್ಪು ನಿಗದಿ ಮಾಡಿದೆ: 26ರಿಂದ 30 ವಯಸ್ಸಿಗೆ 17, 41ರಿಂದ 45ಕ್ಕೆ 14. ವರ್ಷದ ಆದಾಯದ ನಷ್ಟವನ್ನು ಇದರಿಂದ ಗುಣಿಸುತ್ತಾರೆ. ಅಂಗವೈಕಲ್ಯದ ಶೇಕಡಾ ಲೆಕ್ಕವೇ ಅಂತಿಮವಲ್ಲ ಎಂದು 2010ರಲ್ಲಿ ಸುಪ್ರೀಂ ಕೋರ್ಟ್ ಸ್ಪಷ್ಟವಾಗಿ ಹೇಳಿತು. ಎಡಗೈ ಕಳೆದುಕೊಂಡ ಗುಮಾಸ್ತರು ಕೆಲಸದಲ್ಲಿ ಮುಂದುವರಿಯಬಹುದು, ಬಡಗಿಗೆ ಅದೇ ಗಾಯದಿಂದ ಬದುಕೇ ಹೋಗುತ್ತದೆ. ಆದ್ದರಿಂದ ಮಾಡುವ ಕೆಲಸ ಏನೆಂಬುದನ್ನು ವೈದ್ಯರಿಗೂ ಟ್ರಿಬ್ಯೂನಲ್‌ಗೂ ಬಿಡಿಸಿ ಹೇಳಬೇಕು. ಸಂಬಳದ ಚೀಟಿ ಇಲ್ಲದವರೂ ಧೈರ್ಯಗೆಡಬೇಕಿಲ್ಲ. ಬೆಂಗಳೂರಿನ ಕೂಲಿ ಕಾರ್ಮಿಕರೊಬ್ಬರು ತಿಂಗಳಿಗೆ 4,500 ರೂಪಾಯಿ ದುಡಿಯುತ್ತಿದ್ದೆ ಎಂದಾಗ, ಕಾಗದವಿಲ್ಲವೆಂದು ಟ್ರಿಬ್ಯೂನಲ್ 3,000ಕ್ಕೆ ಇಳಿಸಿತ್ತು. 2011ರಲ್ಲಿ ಸುಪ್ರೀಂ ಕೋರ್ಟ್ ಅವರ ಮಾತನ್ನೇ ಒಪ್ಪಿತು. ಮನೆಯನ್ನು ನಡೆಸುವ ಗೃಹಿಣಿಯ ದುಡಿಮೆಗೂ ಬೆಲೆ ಕಟ್ಟಬೇಕೆಂದು ತೀರ್ಪುಗಳಿವೆ.

ಎದುರು ಚಾಲಕನಿಗೆ ಲೈಸೆನ್ಸ್ ಇರಲಿಲ್ಲವೆಂದೂ ನಿರಾಶರಾಗಬೇಡಿ. ಇಂಥ ಪ್ರಕರಣಗಳಲ್ಲಿ ವಿಮಾ ಕಂಪನಿ ಮೊದಲು ನಿಮಗೆ ಕೊಟ್ಟು, ಆಮೇಲೆ ಮಾಲೀಕರಿಂದ ವಸೂಲಿ ಮಾಡಿಕೊಳ್ಳಲಿ ಎಂದು ಕೋರ್ಟುಗಳು ಆದೇಶಿಸುತ್ತ ಬಂದಿವೆ.

‘ಇಲ್ಲೇ ಮುಗಿಸಿಕೊಳ್ಳೋಣ’

ರಸ್ತೆಯಲ್ಲೇ ಐದೋ ಹತ್ತೋ ಸಾವಿರ ಕೈಗಿಟ್ಟು ‘ಕಾಂಪ್ರಮೈಸ್’ ಎಂದು ಬರೆಸಿಕೊಳ್ಳುವವರಿಗೆ ಬಂಪರಿನ ಗೀರಿನ ಮಟ್ಟಿಗೆ ಒಪ್ಪಿ, ಮೈಗೆ ಪೆಟ್ಟಾಗಿದ್ದರೆ ಒಪ್ಪಬೇಡಿ. ಒಳಗೆ ಏನಾಗಿದೆ ಎಂದು ಆ ಕ್ಷಣದಲ್ಲಿ ನಿಮಗೇ ತಿಳಿದಿರುವುದಿಲ್ಲ. ಆಸ್ಪತ್ರೆಯ ಮೆಟ್ಟಿಲಲ್ಲೇ ಬಂದು ಖಾಲಿ ವಕಾಲತ್ತಿಗೆ ಸಹಿ ಕೇಳುವ ದಲ್ಲಾಳಿಗಳಿಂದ ದೂರವಿರಿ. ಬಂದ ಪರಿಹಾರದಲ್ಲಿ ಇಂತಿಷ್ಟು ಪಾಲು ಎಂದು ಕರಾರು ಮಾಡಿಕೊಳ್ಳುವುದನ್ನು ವಕೀಲರ ಪರಿಷತ್ತಿನ ನಿಯಮವೇ ನಿಷೇಧಿಸಿದೆ. ಶುಲ್ಕ ಕೊಡಲಾಗದವರಿಗೆ ಕಾನೂನು ಸೇವಾ ಪ್ರಾಧಿಕಾರದ ಸಹಾಯವಾಣಿ 15100 ಇದೆ. ಮಹಿಳೆಯರು, ಮಕ್ಕಳು, ಪರಿಶಿಷ್ಟ ಜಾತಿ ಪಂಗಡದವರು, ಅಂಗವಿಕಲರು ಉಚಿತ ನೆರವಿಗೆ ಅರ್ಹರು. ಲೋಕ ಅದಾಲತ್‌ನಲ್ಲಿ ಬೇಗ ಹಣ ಬರುತ್ತದೆ, ಒಳ್ಳೆಯದೇ. ಆದರೆ ಅಲ್ಲಿ ಒಪ್ಪಿದ ಮೇಲೆ ಮೇಲ್ಮನವಿಯಿಲ್ಲ. ಮುಂದಿನ ಶಸ್ತ್ರಚಿಕಿತ್ಸೆ ಬಾಕಿಯಿದ್ದರೆ ಅದರ ಖರ್ಚು ವೈದ್ಯರಿಂದ ಬರೆಸಿಕೊಂಡ ಮೇಲೆಯೇ ಒಪ್ಪುವ ಮಾತು.

ಇನ್ನೊಂದು ಮಾತು, ಇದು ಅಪಘಾತಕ್ಕೆ ಮುಂಚಿನದು. ಬರೀ ಥರ್ಡ್ ಪಾರ್ಟಿ ಪಾಲಿಸಿಯಿದ್ದರೆ ನಿಮ್ಮದೇ ಕಾರಿನಲ್ಲಿ ಕುಳಿತ ನಿಮ್ಮ ಅಪ್ಪ ಅಮ್ಮ, ಗೆಳೆಯರಿಗೆ ಆ ಪಾಲಿಸಿಯಿಂದ ರಕ್ಷಣೆಯಿಲ್ಲ; ಪ್ಯಾಕೇಜ್ ಪಾಲಿಸಿಯಿದ್ದರೆ ಇದೆ. ಕಾರು ಓಡಿಸುವ ಮಾಲೀಕರ ವೈಯಕ್ತಿಕ ಅಪಘಾತ ವಿಮೆ ಒಂದು ಕಾಲದಲ್ಲಿ ಬೈಕಿಗೆ ಬರೀ 1 ಲಕ್ಷ, ಕಾರಿಗೆ 2 ಲಕ್ಷ ಇತ್ತು. ಮದ್ರಾಸ್ ಹೈಕೋರ್ಟಿನ ನಿರ್ದೇಶನದ ಮೇಲೆ 2018ರಲ್ಲಿ ಅದು 15 ಲಕ್ಷಕ್ಕೆ ಏರಿತು. ಮುಂದಿನ ಸಲ ಹೊಸೂರು ದಾಟುವ ಮೊದಲು ನಿಮ್ಮ ಪಾಲಿಸಿ ತೆಗೆದು ಈ ಎರಡೂ ಅದರಲ್ಲಿವೆಯೇ ನೋಡಿ. ಇಲ್ಲದಿದ್ದರೆ ಇವತ್ತೇ ಸೇರಿಸಿಕೊಳ್ಳಿ.